ಉಪವಾಸದ ಕೌದಿ

ಹೊಲಿದು ಕೊಟ್ಟ ಕೌದಿ ತಿರುಗಿ ಬಾಗಿಲಿಗೆ ಬರುವುದು ಫಕೀರವ್ವಳ ಜೀವಮಾನದಲ್ಲೇ ನಡೆದಿರಲಿಲ್ಲ. ಹಾಗಾಗಿ ಆ ಮುಂಜಾನೆ ಧೀರಜ ಬೈಕಿನ ಹಿಂದೆ ಕಟ್ಟಿದ್ದ ಗಂಟು ಬಿಚ್ಚಿ, ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಕೌದಿ ಹಿಡಿದು ಬರುವುದನ್ನು ಕಂಡಾಗ, ಅವಳ ಮೊಮ್ಮಗಳು ಪ್ರಾಜಕ್ತಾಳಿಗೆ ಬಂದದ್ದು ನಗು. ಈ ಮನುಷ್ಯನಿಗೆ ಹೊಸ ನೆವ ಸಿಕ್ಕಿತು ಎಂದುಕೊಂಡಳು.

ದಸರೆಯಿಂದ ಈಚೆಗೆ ಅವನು ತಂದ ನೆವಗಳು ಒಂದೇ ಎರಡೇ. ಒಮ್ಮೆ ಮರೆತುಬಿಟ್ಟ ಸೀರೆ, ಒಮ್ಮೆ ಹೊಲದ ಸೌತೆಕಾಯಿ, ಒಮ್ಮೆ ಬರೀ "ಇದೇ ದಾರೀಲೆ ಹೊಂಟಿದ್ದೆ". ಅವನ ಊರಾದ ನಾಂದಣಿಯಿಂದ ಎಲ್ಲಿಗೆ ಹೊರಟರೂ ಇಚಲಕರಂಜಿಯ ಈ ಸಂದಿ ದಾರಿಯಲ್ಲಿ ಸಿಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹೊಸ್ತಿಲ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಫಕೀರವ್ವಳಿಗಂತೂ ಮೊದಲೇ ಗೊತ್ತಾಗಿತ್ತು.

"ಏನ್ರಿ, ಬೆಚ್ಚಗ ಆಗಲಿಲ್ಲೇನು?" ಎಂದಳು ಪ್ರಾಜಕ್ತಾ, ಬಾಗಿಲ ಚೌಕಟ್ಟಿಗೆ ಒರಗಿ.

ಧೀರಜ ನಗಲಿಲ್ಲ. ಕೌದಿಯನ್ನು ಜಮಖಾನೆಯ ಮೇಲೆ ಮೆಲ್ಲಗೆ ಇಳಿಸಿ, ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಅವ್ವ ನಿನ್ನೆಯಿಂದ ಉಪವಾಸ ಅದಾಳ," ಎಂದ. "ಇದರ ಸಲುವಾಗಿ."

ಅವನು ಒಂದು ಮೂಲೆ ತಿರುವಿ ತೋರಿಸಿದ. ಹೊಲಿಗೆ ಅಲ್ಲಿ ಸಡಿಲಾಗಿ, ಬೆರಳಿನಷ್ಟು ಬಾಯಿ ತೆರೆದಿತ್ತು. ಒಳಗಿನಿಂದ ಪುಡಿಯಾದ ಜೋಳದ ರೊಟ್ಟಿ ಉದುರಿತು. ಅದರ ಜೊತೆ ಎರಡು ಸತ್ತ ಇರುವೆ.

"ಇದೇನ್ರಿ?"

"ರೊಟ್ಟಿ," ಎಂದಳು ಪ್ರಾಜಕ್ತಾ.

"ರೊಟ್ಟಿ ಅನ್ನೂದು ನನಗೂ ಕಾಣಾಕತ್ತೈತಿ. ಕೌದಿಯೊಳಗ ಯಾಕ?"

ಪ್ರಾಜಕ್ತಾಳಿಗೆ ಆಗ ಹೊಳೆಯಿತು. ಜೈನರ ಮನೆ. ಅದರಲ್ಲೂ ದೀಕ್ಷೆಗೆ ಹೊರಟು ನಿಂತ ಹೆಂಗಸಿನ ಮನೆ. ನೀರನ್ನು ಸೋಸಿ ಕುಡಿಯುವ, ನೆಲ ನೋಡಿ ಹೆಜ್ಜೆ ಇಡುವ ಆ ತಾಯಿಯ ಸೀರೆಗಳಲ್ಲೇ ತಾನು ಇರುವೆಗಳಿಗೆ ಬಲೆ ಹೆಣೆದು ಕೊಟ್ಟಂತಾಗಿತ್ತು. ಎಷ್ಟು ಸಲ ಸೂಜಿ ಹಿಡಿದ ಕೈ, ಒಮ್ಮೆಯೂ ಆ ವಿಚಾರ ಮಾಡಿರಲಿಲ್ಲ.

ಫಕೀರವ್ವ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. "ಕಡೀ ಮೂಲಿ ಮುಚ್ಚೂ ಮುಂದ ರೊಟ್ಟಿ ಚೂರ ಇಡಬೇಕಪಾ. ಇಡದಿದ್ರ ಕೌದಿ ಹಸದಿರತೈತಿ. ಹಸದ ಕೌದಿ ಹೊಚಕೊಂಡಾವರಿಗೆ ನಿದ್ದಿ ಹತ್ತೂದಿಲ್ಲ. ನಮ್ಮತ್ತಿ ನನಗ ಕಲಿಸ್ಯಾಳ, ಅಕಿಗೆ ಅಕಿ ಅತ್ತಿ ಕಲಿಸ್ಯಾಳ. ನಾ ಇಕಿಗೆ ಕಲಿಸೇನಿ."

"ನಮ್ಮಕ್ಕ ಕರಣಿ ಅಂತಾಳ್ರಿ," ಎಂದ ಧೀರಜ, ತಲೆ ತಗ್ಗಿಸಿ.

ಕರಣಿ ಎಂದರೆ ಮಾಟ. ಆ ಮಾತು ಕೇಳಿ ಫಕೀರವ್ವಳ ಮುಖ ಕಪ್ಪಿಟ್ಟಿತು. ಗಂಡ ಕಾಡಪ್ಪನ ಹಿಂದೆ ಗೋಕಾಕ ಸೀಮೆಯಿಂದ ಮಗ್ಗದ ಊರಿಗೆ ಬಂದವಳು ಅವಳು. ಕಾಡಪ್ಪ ಪಕ್ಕದ ಕೊರೋಚಿಯ ಮಗ್ಗಗಳ ಸದ್ದಿನಲ್ಲಿ ಕಿವಿ ಕಳೆದುಕೊಂಡು, ಒಂದು ದಿನ ಜೀವವನ್ನೂ ಬಿಟ್ಟ. ಅವತ್ತಿನಿಂದ ಈ ಮನೆ ನಿಂತದ್ದು ಕೌದಿಯ ಮೇಲೆ. ಬಾಣಂತಿಗೆ ಕೌದಿ, ಮದುಮಗಳಿಗೆ ಕೌದಿ, ಮಲಗಿದಲ್ಲೇ ಇರುವ ಮುದುಕರಿಗೆ ಕೌದಿ. ಕೊಲ್ಹಾಪುರದಿಂದ ಮೃಣಾಲ ಎನ್ನುವವರೊಬ್ಬರು ಬಂದು, ಇದು ದೊಡ್ಡ ಕಲೆ, ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕುತ್ತೇವೆ ಎಂದಾಗ, "ಗ್ವಾಡಿಗೆ ಥಂಡಿ ಹತ್ತೈತೇನವಾ?" ಎಂದು ಕೇಳಿ, ಚಹಾ ಕುಡಿಸಿ ಕಳಿಸಿದವಳು ಅವಳು. ಅಂಥವಳ ಕೆಲಸಕ್ಕೆ ಮಾಟದ ಹೆಸರು ಬಂದಿತ್ತು.

"ರೊಟ್ಟಿ ತಗೀತೀನ್ರಿ ಈಗ," ಎಂದಳು ಪ್ರಾಜಕ್ತಾ, ಸೂಜಿ ಹುಡುಕುತ್ತ.

"ತಗದು? ಖಾಲಿ ಮುಚ್ಚತೀಯೇನು?" ಫಕೀರವ್ವಳ ದನಿ ಏರಲಿಲ್ಲ. "ಹಸದ ಕೌದಿ ನನ್ನ ಮನಿಯಿಂದ ಹೊರಗ ಹೋಗಂಗಿಲ್ಲ."

"ಆಯಿ, ಅಲ್ಲಿ ಒಬ್ಬರು ಉಣ್ಣದ ಕುಂತಾರ," ಎಂದಳು ಪ್ರಾಜಕ್ತಾ. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುವುದು. ತಾಯಿ ತೀರಿಕೊಂಡು, ತಂದೆ ಭಿವಂಡಿಯ ಮಗ್ಗಗಳ ಕಡೆ ಹೋದ ಮೇಲೆ ಅವಳಿಗೆ ತಾಯಿ ತಂದೆ ಎಲ್ಲಾ ಇವಳೇ.

ಬಾಯಿ ತೆರೆದ ಮೂಲೆಯನ್ನು ಹಾಗೇ ಇಟ್ಟು, ರೊಟ್ಟಿಯನ್ನೆಲ್ಲ ಅಂಗೈಗೆ ಕೊಡವಿಕೊಂಡು ಹಿತ್ತಿಲಿಗೆ ಹಾಕಿ ಬಂದಳು. ಸೂಜಿ, ದಾರ, ಕತ್ತರಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಳು.

"ನಡೀರಿ," ಎಂದಳು ಧೀರಜನಿಗೆ. "ನಿಮ್ಮ ಅವ್ವನ್ನೇ ಕೇಳ್ತೀನಿ. ಅವರು ಹೆಂಗ ಅಂತಾರ ಹಂಗ ಮುಚ್ಚತೀನಿ."

* * *

ಅವನ ಬೈಕಿನಲ್ಲಿ ಅವಳು ಕುಳಿತದ್ದು ಅದೇ ಮೊದಲು. ಎಷ್ಟೋ ದಿನ ಮನಸ್ಸಿನಲ್ಲೇ ಕುಳಿತು ನೋಡಿದ್ದಳು. ಹೀಗೆ, ಇಬ್ಬರ ನಡುವೆ ಕೌದಿಯ ಗಂಟು ಇಟ್ಟುಕೊಂಡು, ಎದೆಯಲ್ಲಿ ಅಪರಾಧ ಹೊತ್ತು ಕೂರುತ್ತೇನೆ ಎಂದು ಮಾತ್ರ ಎಣಿಸಿರಲಿಲ್ಲ.

ದಾರಿಯುದ್ದಕ್ಕೂ ಕಬ್ಬು. ಗಂಟಿನ ಮೇಲಿಟ್ಟ ಕೈಗೆ ಸೀರೆಗಳು ಒಂದೊಂದಾಗಿ ಸಿಗುತ್ತಿದ್ದವು. ಕಣ್ಣು ಮುಚ್ಚಿಯೂ ಅವಳು ಗುರುತಿಸಬಲ್ಲಳು: ಇದು ಇಳಕಲ್, ಇದು ವಾಯಿಲ್, ಇದು ಧೀರಜ ಹುಟ್ಟಿದಾಗ ತೌರಿನವರು ಉಡಿಸಿದ್ದು.

ಧೀರಜನ ತಾಯಿ ಅಲಕಾ ಬಣ್ಣದ ಸೀರೆ ಬಿಟ್ಟು ಬಿಳಿ ಉಟ್ಟದ್ದು ದಸರೆಯ ಹೊತ್ತಿಗೆ. ಗಂಡ ಬಾಳಗೊಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಮನಾಲಿ ಗಡಹಿಂಗ್ಲಜದಲ್ಲಿ ಸಂಸಾರ ಹೂಡಿದ್ದಳು. ಮಗ ಹೊಲ, ಬೀಜ ಗೊಬ್ಬರದ ಅಂಗಡಿ ಎರಡನ್ನೂ ನೋಡಿಕೊಳ್ಳುತ್ತಿದ್ದ. ಇನ್ನು ನನ್ನ ದಾರಿ ನನಗೆ ಎಂದಿದ್ದಳು ಆಕೆ. ಮಾಘದಲ್ಲಿ ದೀಕ್ಷೆ ಎಂದು ನಿಶ್ಚಯವಾಯಿತು. ಟ್ರಂಕಿನಲ್ಲಿದ್ದ ಸೀರೆಗಳನ್ನೆಲ್ಲ ತೆಗೆದು ಮಗನ ಮುಂದಿಟ್ಟು, "ಇವನ್ನ ಕೌದಿ ಹೊಲಿಸ್ಕೊ. ನಾ ಇರಂಗಿಲ್ಲ, ಚಳಿ ಇರತೈತಿ," ಎಂದಳಂತೆ.

ಆ ಗಂಟು ಹೊತ್ತು ಧೀರಜ ಮೊದಲ ಸಲ ಬಂದ ದಿನ, ಪ್ರಾಜಕ್ತಾ ಒಂದು ಸೀರೆ ಬಿಡಿಸಿ ಬೆಳಕಿಗೆ ಹಿಡಿದಳು. ಸೆರಗಿನಲ್ಲಿ ಸಣ್ಣ ಸಣ್ಣ ಸುಟ್ಟ ತೂತು.

"ಇದೇನ್ರಿ?"

"ನಾ ಸಣ್ಣಾವಿದ್ದಾಗ ಊದಿನಕಡ್ಡಿಲೆ ಸುಟ್ಟದ್ದು. ಅವ್ವ ಪೂಜಿಗೆ ಕುಂತಿದ್ಲು. ಹಿಂದ ಕುಂತು ಒಂದೊಂದಽ ತೂತು ಮಾಡೇನಿ."

"ಹೊಡೀಲಿಲ್ಲೇನು ನಿಮಗ?"

"ಇಲ್ಲ. ಅದೇ ಸೀರಿ ಉಟಗೊಂಡು ಮಂದಿ ಮನೀಗೆ ಹ್ವಾದ್ಲು. ಎಲ್ಲಾರಿಗೂ ತೋರಿಸಿದ್ಲು, ನಮ್ಮ ಧೀರಜ ಮಾಡಿದ ಜರಿಕೆಲಸ ಅಂತ. ಹೊಡದಿದ್ರ ಚಲೋ ಇತ್ತು."

ಪ್ರಾಜಕ್ತಾ ನಕ್ಕುಬಿಟ್ಟಳು. ಆ ತುಂಡನ್ನು ಎಲ್ಲೂ ಒಳಗೆ ಮುಚ್ಚಲಿಲ್ಲ. ತಲೆಯ ಕಡೆ, ಮಲಗುವಾಗ ಕಣ್ಣಿಗೆ ಬೀಳುವ ಹಾಗೆ ಹಚ್ಚಿದಳು. ದಿನಾ ನೋಡಿ ನಾಚಿಕೊಳ್ಳಲಿ ಎಂದಳು. ಅವನು ಕೌದಿಯನ್ನು ನೋಡಲಿಲ್ಲ, ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಗುತ್ತಿದ್ದ ಅವಳನ್ನೇ ನೋಡುತ್ತಿದ್ದ. ಅವಳಿಗದು ಕಾಣಿಸಿತು. ಕಾಣದವಳ ಹಾಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಗುವ ದಾರ ಅವತ್ತು ಸೂಜಿಯ ಕಣ್ಣಿಗೆ ಸಿಗಲೇ ಇಲ್ಲ.

ಹೀಗೆ ಒಂದೊಂದು ಸೀರೆಗೂ ಅವನು ಕೂತು ಕತೆ ಹೇಳಿದ. ಕೇಳುತ್ತ ಕೇಳುತ್ತ, ನೋಡದ ಒಬ್ಬ ಹೆಂಗಸು ಅವಳಿಗೆ ಮನೆಯವಳಾದಳು, ಎದುರು ಕೂತ ಗಂಡಸು ಜೀವದವನಾದ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕಾದ ಅವನಿಗಾಗಿ ಅವಳು ಸಂಜೆಯಾಗುವ ಮೊದಲೇ ರೊಟ್ಟಿಗೆ ಕೂರುತ್ತಿದ್ದಳು. ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ಬಾಯಿಗಿಟ್ಟ ಫಕೀರವ್ವ, "ಬಳ್ಳೊಳ್ಳಿ ತೀರ್ಯಾವೇನು ಮನ್ಯಾಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಉಂಡೆದ್ದಿದ್ದಳು.

ಪ್ರೀತಿ ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ಒಂದು ಸಂಜೆ ಹತ್ತಿರಕ್ಕೆ ಬಂದಿತ್ತು. ದಾರದ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತ, "ನಿಮ್ಮ ಜಾತಿ ಬ್ಯಾರೆ, ನಮ್ಮದು ಬ್ಯಾರೆ," ಎಂದ. "ಆದ್ರ ಅವ್ವ ಒಂದ ಮಾತ ಹೂಂ ಅಂದ್ರ, ನನಗ ಮತ್ತ ಯಾರ ಅಂಜಿಕಿನೂ ಇಲ್ಲ. ಕೇಳ್ತೀನಿ. ಇಷ್ಟು ಕಬ್ಬ ಹೋಗಲಿ."

ದೀಪಾವಳಿ ಹೋಯಿತು. ಅವನ ಹೊಲದ ಕಬ್ಬೂ ಕಾರ್ಖಾನೆಗೆ ಹೋಯಿತು. ಕೌದಿಯೂ ಮುಗಿದು ನಾಂದಣಿಗೆ ಹೋಯಿತು. ಪ್ರಾಜಕ್ತಾ ಕಾದಳು. ದೀಕ್ಷೆಯಾದ ಮೇಲೆ ಆ ತಾಯಿ ಯಾರ ತಾಯಿಯೂ ಅಲ್ಲ, ಕೇಳುವುದಿದ್ದರೆ ಅದರ ಮುಂಚೆಯೇ ಕೇಳಬೇಕು ಎಂದು ಅವಳಿಗೆ ಹೆದರಿಕೆ ಇತ್ತು. ಆ ಹೆದರಿಕೆಯನ್ನು ಅವನ ಮುಂದೆ ಆಡಿ ತೋರಿಸಲು ಅಭಿಮಾನ ಬಿಡಲಿಲ್ಲ.

* * *

ಅಲಕಾ ಒಳಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದಳು. ಬಿಳಿ ಸೀರೆ, ಬರಿಗೈ, ಮುಂದೆ ಜಪಮಣಿ. ಕಣ್ಣು ಮಗನದೇ ಕಣ್ಣು. ಗೋಡೆಗೆ ಒರಗಿ ನಿಂತಿದ್ದ ಮನಾಲಿ ಪ್ರಾಜಕ್ತಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ರೊಟ್ಟಿ ಇಟ್ಟಾಕಿ ಇಕೀನಽ ಏನು?"

"ಹೌದ್ರಿ, ನಾನೇ," ಎಂದಳು ಪ್ರಾಜಕ್ತಾ. ಅಲ್ಲೇ ನೆಲಕ್ಕೆ ಮೊಣಕಾಲೂರಿ, ಅಲಕಾಳ ಮುಂದೆ ಕೈಮುಗಿದಳು. "ಕರಣಿ ಅಲ್ರಿ ಅದು. ನಮ್ಮ ಮನಿ ಪದ್ಧತಿ. ಕೌದಿ ಹಸದಿರಬಾರದಂತ ಇಡ್ತೀವಿ. ನಿಮ್ಮ ಮನೀಗೆ ಅದು ನಡಿಯಂಗಿಲ್ಲ ಅನ್ನೂದು ನನಗ ಹೊಳಿಲಿಲ್ಲ. ಇರಿವಿ ಸತ್ತದ್ದು ನನ್ನ ಕೈಲೆ. ಉಪವಾಸ ನಾ ಮಾಡ್ತೀನ್ರಿ, ನೀವು ಬಿಡ್ರಿ."

ಅಲಕಾ ಕೈಯೆತ್ತಿ ಅವಳನ್ನು ತಡೆದಳು.

"ಒಬ್ಬರದು ಒಬ್ಬರು ಮಾಡಾಕ ಬರಂಗಿಲ್ಲ, ತಂಗಿ. ಇವಗ ದಿನಾ ನಾನೇ ಹಾಸ್ತಿದ್ದೆ, ಝಾಡಿಸಿ ನೋಡಬೇಕಿತ್ತು. ನನ್ನ ಲಕ್ಷ್ಯ ತಪ್ತು." ಆಮೇಲೆ ದನಿ ಇನ್ನಷ್ಟು ಮೆಲ್ಲಗಾಯಿತು. "ಅರಿವಿ-ಬಟ್ಟಿಗೂ ಉಣಸ್ತೀರಲ್ಲ ನೀವು. ಕೆಟ್ಟ ಪದ್ಧತಿ ಅಲ್ಲ ಅದು. ಉಣಸೂ ಕೈಯಿಂದ ಜೀವ ಹೋಗಬಾರದು, ಇಷ್ಟ."

"ಹಂಗಾದ್ರ ಖಾಲಿ ಮುಚ್ಚಲೇನ್ರಿ?"

"ಮುಚ್ಚು."

ಪ್ರಾಜಕ್ತಾ ಕರ್ಚೀಫು ಬಿಚ್ಚಿ ಸೂಜಿ ತೆಗೆದಳು. ಆ ಮೂಲೆ ಮುಚ್ಚುವಾಗ ಅಜ್ಜಿ ಕಲಿಸಿದ್ದನ್ನು ಮೊದಲ ಸಲ ಮೀರುತ್ತಿದ್ದಳು. ಆದರೂ ಹೊಲಿಗೆಯ ಟಾಕುಗಳು ಒಂದೇ ಸಾಲಿಗೆ ಬಿದ್ದವು. ಕೊನೆಯ ಗಂಟು ಹಾಕಿ ಎದ್ದಾಗ, ಅಲಕಾ, "ಅವನ ಮಂಚಕ್ಕ ಹಾಸಿಬಿಡು," ಎಂದಳು.

ಧೀರಜನ ಮಂಚ ಆ ಕೋಣೆಯಲ್ಲೇ ಇತ್ತು. ಒಬ್ಬರು ಮಲಗುವ ಹಳೇ ಸಾಗವಾನಿ ಮಂಚ. ಪ್ರಾಜಕ್ತಾ ಕೌದಿಯನ್ನು ಒಮ್ಮೆ ಝಾಡಿಸಿ ಅದರ ಮೇಲೆ ಬಿಟ್ಟಳು. ಕೌದಿ ಮಂಚ ತುಂಬಿ, ಈ ಕಡೆ ಇಳಿದು ನೆಲ ಮುಟ್ಟಿತು. ಆ ಕಡೆಯೂ ಇಳಿದು ನೆಲ ಮುಟ್ಟಿತು.

ಅವಳು ಹಾಗೇ ನಿಂತುಬಿಟ್ಟಳು.

ಫಕೀರವ್ವಳ ಮನೆಯಲ್ಲಿ ಟೇಪು ಇಲ್ಲ, ಅಳತೆಯೆಲ್ಲ ಮೈಯದೇ. ಒಬ್ಬರ ಕೌದಿ ಎಂದರೆ ಕುಳಿತಲ್ಲಿಂದ ಕೈ ಚಾಚಿದರೆ ಆಚೆಯ ಅಂಚು ಸಿಗಬೇಕು. ಜೋಡಿ ಕೌದಿ ಎಂದರೆ ಎದ್ದು ಆ ಬದಿಗೆ ಹೋಗಿ ಕುಳಿತು ಹೊಲಿಯಬೇಕು. ಹೊಲಿದಷ್ಟೂ ದಿನ ಅವಳು ಎದ್ದು ಎದ್ದು ಆ ಬದಿಗೆ ಹೋಗಿದ್ದಳು. ಸೀರೆಗಳು ಬಹಳ ಇವೆ, ಅದಕ್ಕೇ ಅಗಲವಾಗುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಒಂಟಿ ಗಂಡಸಿನ ಕೌದಿಗೆ ಕೂತು, ಅವಳ ಕೈ ಇಬ್ಬರನ್ನು ಅಳೆದಿತ್ತು. ಆ ಇಬ್ಬರಲ್ಲಿ ಇನ್ನೊಬ್ಬಳು ಯಾರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಕೆನ್ನೆ ಉರಿಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಧೀರಜ. ಅವನು ಕೌದಿಯನ್ನು ನೋಡಿದ, ಅವಳ ಮುಖ ನೋಡಿದ, ಮತ್ತೆ ನೆಲ ಮುಟ್ಟಿದ ಅಂಚನ್ನು ನೋಡಿದ. ಎಷ್ಟೋ ರಾತ್ರಿ ಹೊದ್ದು ಮಲಗಿದವನಿಗೆ ಈಗ ತಿಳಿದಿತ್ತು. ಅವನ ಕಣ್ಣು ತುಂಬಿಕೊಂಡವು.

"ಅವ್ವಾ," ಎಂದ ಅವನು, ಒಮ್ಮೆಲೇ ಒಳಗೆ ಬಂದು. "ನೋಡ್ದ್ಯಾ? ನೀ ಒಂದ ಮಾತ ಹೇಳಿಬಿಡು. ಹೂಂ ಅನ್ನು. ಇಲ್ಲಾ ಬ್ಯಾಡ ಅನ್ನು. ಏನಾರ ಒಂದು ಅನ್ನು."

ಅಲಕಾಳ ಬೆರಳುಗಳು ಜಪಮಣಿಯ ಮೇಲೆ ನಿಂತವು.

"ಹ್ವಾದ ಹುಣ್ಣಿವಿಗೆ ಗುರುಗಳ ಮುಂದ ನಾ ಏನ ಬಿಟ್ಟೇನಿ, ಧೀರಜ? ಬಾಜೂಕ ಕುಂತಿದ್ದಿ ನೀ."

ಆಮೇಲೆ ಅವಳೇ ಪ್ರಾಜಕ್ತಾಳ ಕಡೆ ತಿರುಗಿ, ಅರ್ಥವಾಗಲಿ ಎಂದು ನಿಧಾನವಾಗಿ ಹೇಳಿದಳು. "ಅನುಮತಿ ತ್ಯಾಗ ಅಂತಾರ ತಂಗಿ ಅದಕ್ಕ. ಲಗ್ನ, ಹೊಲ, ಯಾಪಾರ, ಸಂಸಾರದ ಯಾವ ಕೆಲಸಕ್ಕೂ ನಾ ಹೂಂ ಅನ್ನಂಗಿಲ್ಲ, ಉಹೂಂ ಅನ್ನಂಗಿಲ್ಲ. ದೀಕ್ಷಾಕ್ಕಿಂತ ಮೊದಲ ಬಿಡೂದು ಅದನ್ನ."

"ಅದು ಹೊಲದ ಮಾತು ಅಂತ ತಿಳಕೊಂಡಿದ್ದೆ ನಾ," ಎಂದ ಧೀರಜ. "ಅವ್ವಾ, ಒಂದೇ ಮಾತು. ನಿನ್ನ ಮಗನ ಸಲುವಾಗಿ."

ಆ ತಾಯಿಯ ಮುಖದಲ್ಲಿ ಏನೋ ಹಾದುಹೋಗುವುದನ್ನು ಪ್ರಾಜಕ್ತಾ ಕಂಡಳು. ಇನ್ನೊಂದು ಸಲ ಕೇಳಿದರೆ ಆಕೆ ಸೋಲುತ್ತಾಳೆ. ಹೂಂ ಎಂದರೂ ಸೋಲು, ಬೇಡ ಎಂದರೂ ಸೋಲು. ಅಷ್ಟು ವರ್ಷ ಒಂದೊಂದೇ ಬಿಟ್ಟು ಬಂದ ಹೆಂಗಸನ್ನು, ಕೊನೆಯ ಮೆಟ್ಟಿಲಲ್ಲಿ ಸೆರಗು ಹಿಡಿದು ಎಳೆದ ಹಾಗಾಗುತ್ತದೆ.

"ಕೇಳಬ್ಯಾಡ್ರಿ," ಎಂದಳು ಅವನಿಗೆ. "ಅವರ ವ್ರತ ಮುರದು ನಮ್ಮ ಸಂಸಾರ ಆಗೂದು ಬ್ಯಾಡ. ನನಗಂತೂ ಬ್ಯಾಡ."

ಅವಳು ತಂದಿದ್ದ ಕತ್ತರಿ ಮಂಚದ ಪಕ್ಕ ಇತ್ತು. ಅದನ್ನು ಕೈಗೆ ತೆಗೆದುಕೊಂಡಳು. ಹೆಚ್ಚಾದ ಅಂಚನ್ನು ಬೆರಳಲ್ಲಿ ಹಿಡಿದು, ಅಲಕಾಳನ್ನು ನೋಡದೆ ಹೇಳಿದಳು: "ಒಬ್ಬರಿಗೆ ಅಗಲ ಆಗೇತ್ರಿ ಇದು. ಬೇಕಾದ್ರ ಕತ್ತರಿಸಿ ಸಣ್ಣದು ಮಾಡಿಕೊಡ್ತೀನಿ."

ಅಲಕಾ ಕಣ್ಣು ಮುಚ್ಚಿಕೊಂಡಿದ್ದಳು. ಜಪಮಣಿ ಮತ್ತೆ ಸರಿಯತೊಡಗಿತು. ಉತ್ತರ ಆ ಕಡೆಯಿಂದ ಬರುವುದಿಲ್ಲ ಎಂದು ಪ್ರಾಜಕ್ತಾಳಿಗೆ ತಿಳಿಯಿತು. ಅದು ತನ್ನ ಕೈಯಲ್ಲೇ ಇತ್ತು.

ಅವಳು ಕತ್ತರಿಯನ್ನು ಇದ್ದಲ್ಲೇ ಇಟ್ಟಳು.

"ಕತ್ತರಸಂಗಿಲ್ರಿ," ಎಂದಳು. "ನನ್ನ ಕೈ ಅಳತಿ ತಪ್ಪಿಲ್ಲ."

* * *

ವಾಪಸು ಬರುವಾಗ ಧೀರಜ ಬಸ್ ಸ್ಟ್ಯಾಂಡಿನವರೆಗೆ ಬಂದ. ಬೈಕಿನಲ್ಲೇ ಬಿಡುತ್ತೇನೆ ಎಂದವನನ್ನು ಅವಳೇ ಬೇಡ ಎಂದಳು. ಬಸ್ಸು ಬರುವವರೆಗೂ ಅವನು ಏನೋ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು. ಬಸ್ಸು ಬಂತು. "ಊಟ ಮಾಡ್ರಿ ಮೊದಲ," ಎಂದಳು, "ಹೊತ್ತು ಮುಳಗತೈತಿ." ಹತ್ತಿ ಕುಳಿತ ಮೇಲೆ ಕಿಟಕಿಯಿಂದ ನೋಡಿದಳು. ಅವನು ಇನ್ನೂ ಅಲ್ಲೇ ನಿಂತಿದ್ದ. ಅವನ ಮೇಲೆ ಪ್ರೀತಿ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು.

ಫಕೀರವ್ವ ದೀಪ ಹಚ್ಚಿ ಕಾಯುತ್ತಿದ್ದಳು. ಪ್ರಾಜಕ್ತಾ ಕಾಲು ತೊಳೆದು ಬಂದ ಮೇಲೆ ಕೇಳಿದಳು.

"ಮೂಲಿ?"

"ಖಾಲಿ ಮುಚ್ಚಿ ಬಂದೆ, ಆಯಿ."

ಬೈಯುತ್ತಾಳೆ ಎಂದುಕೊಂಡಿದ್ದಳು. ಮುದುಕಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ವಿಚಾರ ಮಾಡಿದಳು.

"ಹೋಗಲಿ ಬಿಡು," ಎಂದಳು ಕೊನೆಗೆ. "ಅಕಿ ಸೀರಿ ಅಕಿ ಹಂಗ ಇರ್ತಾವ. ಅಕಿ ಉಪವಾಸ ಇರತಾಳಂದ್ರ ಕೌದಿನೂ ಉಪವಾಸ ಇರಲಿ. ಅಂಥಾ ಹಸಿವಿ ಯಾರ ನಿದ್ದಿನೂ ಕೆಡಸೂದಿಲ್ಲ."

ಪ್ರಾಜಕ್ತಾ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. ಆ ದಿನವೆಲ್ಲ ತಡೆದಿದ್ದ ಅಳು ಆಗ ಬಂತು.

"ಕೌದಿ ಅಗಲ ಆಗಿದ್ದು ನಾನೂ ಕಂಡಿದ್ದೆ," ಎಂದಳು ಫಕೀರವ್ವ, ಅವಳ ಕೂದಲಲ್ಲಿ ಬೆರಳಾಡಿಸುತ್ತ. "ನೀ ಎದ್ದು ಆ ಕಡೆ ಹೋಗೂದು, ಕುಂಡ್ರೂದು. ತಾನಾಗೇ ತಿಳದೀತು ಅಂತ ಸುಮ್ನಿದ್ದೆ. ಅವನ ಅವ್ವ ಏನಂದ್ಲು?"

"ಏನೂ ಅನ್ನಲಿಲ್ಲ. ಅನ್ನಂಗಿಲ್ಲ ಅವರು. ವ್ರತ ಐತಿ."

"ಅವಾ ಏನಂದ?"

"ಏನಾರ ಒಂದು ಅನ್ನು ಅಂತ ಅವರ ಅವ್ವಗ ಅಂದ್ರು. ಕೌದಿ ಕತ್ತರಸಂಗಿಲ್ಲ ಅಂತ ನಾನಽ ಅಂದು ಬಂದೆ."

"ಹಂಗಾದ್ರ ಅಂದಾಕಿ ನೀ ಒಬ್ಬಾಕಿ." ಫಕೀರವ್ವ ನಿಟ್ಟುಸಿರು ಬಿಟ್ಟಳು. "ಹುಡುಗ ಚಲೋ ಅದಾನ. ಜಾತಿ ಬ್ಯಾರೆ ಅಂತ ನಾ ತಕರಾರು ಮಾಡಂಗಿಲ್ಲ, ಈ ವಯಸಿನಾಗ ನನಗ್ಯಾಕ ಬೇಕು. ಆದ್ರ ತನ್ನ ಮಾತ ತಾನ ಆಡದಾವನ ಕೂಡ ಬಾಳೇ ಮಾಡೂದು ಭಾಳ ತ್ರಾಸು, ತಂಗಿ. ಅವಾ ತನ್ನ ಬಾಯಿಲೆ ಅನ್ನೂತನಾ ಈ ಮನ್ಯಾಗ ಅವನ ಹೆಸರು ಬ್ಯಾಡ."

ಪ್ರಾಜಕ್ತಾ ಹೂಂ ಎಂದಳು. ಅಜ್ಜಿ ಹೇಳಿದ್ದು ಅವಳ ಮನಸ್ಸಿನದೇ ಮಾತಾಗಿತ್ತು.

ಆಮೇಲೆ ಅವನು ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮೆಸೇಜು ಬಂತು: "ಅವ್ವ ಉಪವಾಸ ಬಿಟ್ಟಳು." ಮತ್ತೊಂದು: "ದೀಕ್ಷಾಕ್ಕ ಬರ್ರಿ, ಆಯಿನ್ನೂ ಕರಕೊಂಡು." ಅದರ ಕೆಳಗೆ ಬಹಳ ಹೊತ್ತು 'ಟೈಪಿಂಗ್' ಎಂದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಮಾತು ಬರಲಿಲ್ಲ. ಅವಳು ಫೋನನ್ನು ಮಗುಚಿಟ್ಟು, ಯಾರದೋ ಬಾಣಂತಿ ಕೌದಿಗೆ ಅಂಚು ಕಟ್ಟಲು ಕುಳಿತಳು.

* * *

ದೀಕ್ಷೆಗೆಂದು ಕೊಲ್ಹಾಪುರದ ಹೊರಗೆ ಒಂದು ಬಯಲಿನಲ್ಲಿ ದೊಡ್ಡ ಮಂಟಪ ಹಾಕಿದ್ದರು. ಮುಂಜಾನೆಯಿಂದಲೇ ಜನ. ಫಕೀರವ್ವ ತಾನೇ ಹಟ ಹಿಡಿದು ಬಂದಿದ್ದಳು. ಅಷ್ಟು ಚಂದದ ಸೀರೆ ಬಿಟ್ಟುಕೊಟ್ಟ ಹೆಂಗಸನ್ನು ಒಮ್ಮೆ ನೋಡಬೇಕು ಎಂದಿದ್ದಳು. ಇಬ್ಬರೂ ಹೆಂಗಸರ ಕಡೆ, ಹಿಂದಿನ ಸಾಲಿನಲ್ಲಿ ಕುಳಿತರು. ಧೀರಜ ಮುಂದೆ, ಮನಾಲಿಯ ಪಕ್ಕದಲ್ಲಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ವೇದಿಕೆಯ ಮೇಲೆ ಅಲಕಾ ಎಲ್ಲರ ಕ್ಷಮೆ ಕೇಳಿದಳು. ಬಂಧುಗಳ, ಆಳುಮಕ್ಕಳ, ನೆರೆಯವರ, ಗೊತ್ತಿದ್ದು ಗೊತ್ತಿಲ್ಲದೆ ನೋಯಿಸಿದ ಎಲ್ಲ ಜೀವಿಗಳ. ಆಮೇಲೆ ಅವಳ ಕೂದಲನ್ನು ಕೈಯಿಂದಲೇ ಕಿತ್ತು ತೆಗೆಯಲು ತೊಡಗಿದರು. ಒಂದೊಂದು ಹಿಡಿ ಬಂದಾಗಲೂ ಧೀರಜನ ಬೆನ್ನು ಅದುರುತ್ತಿತ್ತು. ಆ ತಾಯಿ ಒಮ್ಮೆಯೂ ಮುಖ ಕಿವುಚಲಿಲ್ಲ. ಫಕೀರವ್ವ ಪ್ರಾಜಕ್ತಾಳ ಕೈಯನ್ನು ಗಟ್ಟಿಯಾಗಿ ಹಿಡಿದು, ಮುಗಿಯುವವರೆಗೂ ಬಿಡಲಿಲ್ಲ.

ಹೊಸ ಹೆಸರು ಕೂಗಿದರು. ಕೈಗೆ ನವಿಲುಗರಿಯ ಪಿಂಛಿ ಕೊಟ್ಟರು. ಜನ ಸಾಲಾಗಿ ಹೋಗಿ "ವಂದಾಮಿ ಮಾತಾಜಿ" ಎಂದು ಬಾಗಿ ಬರುತ್ತಿದ್ದರು. ಧೀರಜನ ಸರದಿ ಬಂತು. ಅವನು ಬಾಗಿದ. ಬಾಯಿಗೆ ಅಭ್ಯಾಸದ ಮಾತೇ ಬಂದು ಅರ್ಧಕ್ಕೆ ನಿಂತಿತು. ಅದನ್ನು ನುಂಗಿ, ಎಲ್ಲರೂ ಅಂದದ್ದನ್ನೇ ಅಂದ. ಆಕೆ ಪಿಂಛಿ ಎತ್ತಿ "ಧರ್ಮವೃದ್ಧಿ" ಎಂದಳು. ಅವನ ಹಿಂದಿನವನಿಗೂ ಅಷ್ಟೇ ಎತ್ತಿ, ಅದೇ ದನಿಯಲ್ಲಿ ಅಂದಳು. ಸ್ವಲ್ಪ ಹೊತ್ತಿನ ಮೇಲೆ ಫಕೀರವ್ವಳಿಗೂ, ಪ್ರಾಜಕ್ತಾಳಿಗೂ ಸಿಕ್ಕಿದ್ದು ಅಷ್ಟೇ. ಪ್ರಾಜಕ್ತಾ ತಲೆಯೆತ್ತಿ ಆ ಕಣ್ಣುಗಳನ್ನು ನೋಡಿದಳು. ಅವುಗಳಲ್ಲಿ ಗುರುತೂ ಇರಲಿಲ್ಲ, ಪರಕೀಯತೆಯೂ ಇರಲಿಲ್ಲ. ಅವಳಿಗೆ ದುಃಖವಾಯಿತು, ಆ ದುಃಖದ ಜೊತೆಗೇ ಮನಸ್ಸು ಹಗುರವೂ ಆಯಿತು. ಆ ತಾಯಿಯ ದಾರಿಗೆ ಅಡ್ಡ ಬರಲಿಲ್ಲವಲ್ಲ ಎಂಬ ಸಮಾಧಾನ ಅದು.

ಮಂಟಪದ ಪಕ್ಕದಲ್ಲಿ ಸಂಬಂಧಿಕರೆಲ್ಲ ಊಟಕ್ಕೆ ಸೇರಿದ್ದರು. ಫಕೀರವ್ವ ಮತ್ತು ಪ್ರಾಜಕ್ತಾ ಒಂದು ಜಮಖಾನೆಯ ತುದಿಯಲ್ಲಿ ಕುಳಿತು ಹೊರಡುವ ಮಾತಾಡುತ್ತಿದ್ದರು. ಆಗ ಧೀರಜ ಜನರ ನಡುವಿನಿಂದ ನೇರವಾಗಿ ಅವರ ಕಡೆ ಬಂದ. ಕಣ್ಣು ಕೆಂಪಗಿದ್ದವು. ಹಿಂದೆಯೇ ಮನಾಲಿ ಬಂದಳು, ಅವಳ ಹಿಂದೆ ಕಾಕಾ, ಮಾಮಾ ಎಲ್ಲರ ಕಣ್ಣೂ ಇತ್ತಲೇ.

"ಇವರ ಹಂತೇಕ ಏನ ಐತಿ ನಿಂದು?" ಎಂದಳು ಮನಾಲಿ. "ಎಲ್ಲಾರೂ ಕೇಳಾಕತ್ತಾರ, ಇಕಿ ಯಾರು ಅಂತ."

ಪ್ರಾಜಕ್ತಾ ನೆಲ ನೋಡಿದಳು. ಇವನು ಈಗಲೂ ಆಡದಿದ್ದರೆ, ಎದ್ದು ಅಜ್ಜಿಯ ಕೈ ಹಿಡಿದು ಬಸ್ಸಿಗೆ ನಡೆಯುವುದು ಎಂದು ನಿಶ್ಚಯಿಸಿಕೊಂಡಳು. ತಿರುಗಿ ನೋಡುವುದಿಲ್ಲ ಎಂದೂ ನಿಶ್ಚಯಿಸಿಕೊಂಡಳು.

"ಪ್ರಾಜಕ್ತಾ," ಎಂದ ಅವನು. ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. "ನಾ ಲಗ್ನ ಆಗಾಕಿ, ಅಕ್ಕ. ಅಕಿ ಒಪ್ಪಿದ್ರ."

ಮನಾಲಿಯ ಮುಖ ಬಿಗಿಯಿತು.

"ಅವ್ವನ್ನ ಕೇಳ್ದಿ?"

"ಅವ್ವ ಇನ್ನ ಕೇಳಾಕ ಸಿಗಂಗಿಲ್ಲ. ಯಾರನ್ನೂ ಕೇಳಿಲ್ಲ. ನಾನೇ ಹೇಳಾಕತ್ತೇನಿ."

ಮನಾಲಿ ಏನೋ ಅನ್ನಲು ಹೋದಳು. ತಮ್ಮನ ಮುಖ ನೋಡಿ, ಹಿಂದೆ ಸರಿದಳು. ಪ್ರಾಜಕ್ತಾ ತಲೆಯೆತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ, ಉತ್ತರಕ್ಕಾಗಿ. ಉತ್ತರವನ್ನು ಅವಳು ನಾಂದಣಿಯಲ್ಲೇ ಕೊಟ್ಟಾಗಿತ್ತು. ಈಗ ಬರೀ ಹೂಂಗುಟ್ಟಿದಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

ಫಕೀರವ್ವ ಕೈಯೂರಿ, ಸ್ವಲ್ಪ ಅತ್ತ ಸರಿದು, ಮೊಮ್ಮಗಳ ಪಕ್ಕದಲ್ಲಿ ಜಾಗ ಮಾಡಿದಳು. ಧೀರಜ ಬಂದು ಅಲ್ಲಿ ಕುಳಿತ.